1966ರ ಮಸ್ಟ್ಯಾಂಗ್‌ಗೆ ಪವರ್ ರ‍್ಯಾಕ್ ಸ್ಟೇರಿಂಗ್: ಕೈಗೆ ಹಗುರ, ಯು-ಟರ್ನ್‌ಗೆ ಕಷ್ಟ

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಕಾರು 1966ರ ಫೋರ್ಡ್ ಮಸ್ಟ್ಯಾಂಗ್ ಕೂಪೆ. 289 ಘನ ಅಂಗುಲದ ವಿ-8 ಎಂಜಿನ್, ಕಾರ್ಖಾನೆಯಿಂದ ಬಂದಾಗ ಪವರ್ ಸ್ಟೇರಿಂಗ್ ಇರಲಿಲ್ಲ. ಅದಕ್ಕೆ ಪವರ್ ರ‍್ಯಾಕ್ ಅಂಡ್ ಪಿನಿಯನ್ ಕಿಟ್ ಹಾಕಿಸಿ ಕೆಲವು ವರ್ಷ ಆಯಿತು. ಸ್ಟೇರಿಂಗ್ ತಿರುಗಿಸಿದರೆ ಸಣ್ಣ ಹಲ್ಲುಚಕ್ರ (ಪಿನಿಯನ್) ಒಂದು ಹಲ್ಲಿನ ಸರಳನ್ನು (ರ‍್ಯಾಕ್) ಆ ಕಡೆ ಈ ಕಡೆ ಸರಿಸಿ ಟೈರ್ ತಿರುಗಿಸುವ ವ್ಯವಸ್ಥೆ ಅದು. ಇಂಥ ಕಿಟ್‌ಗಳ ಬಗ್ಗೆ ಸಿಗುವ ಹೊಗಳಿಕೆಯೆಲ್ಲ ಹಾಕಿಸಿದ ಮೊದಲ ವಾರದ್ದು. ಆಮೇಲಿನ ಕಥೆ ಯಾರೂ ಬರೆಯುವುದಿಲ್ಲ.

ಮೊದಲು ಹಳೆಯದು ಹೇಗಿತ್ತು ನೋಡಿ. ಸ್ಟೇರಿಂಗ್ ಬಾಕ್ಸ್ ಅನ್ನುವ ಗೇರ್ ಪೆಟ್ಟಿಗೆ ಎಡಗಡೆ ಚೌಕಟ್ಟಿಗೆ ಬೋಲ್ಟ್ ಆಗಿರುತ್ತದೆ. ಅದರಿಂದ ಪಿಟ್‌ಮನ್ ಆರ್ಮ್, ಅಲ್ಲಿಂದ ಅಡ್ಡಕ್ಕೆ ಒಂದು ಉದ್ದ ಲಿಂಕ್, ಬಲಗಡೆ ಅದನ್ನು ಹಿಡಿಯುವ ಐಡ್ಲರ್ ಆರ್ಮ್, ಎರಡೂ ಕಡೆ ಟೈರಿನತ್ತ ಹೋಗುವ ಟೈ ರಾಡ್‌ಗಳು. ಒಂದೊಂದು ಜಾಯಿಂಟ್ ಸ್ವಲ್ಪ ಸವೆದರೂ ಸಾಕು, ಎಲ್ಲ ಸೇರಿ ಸ್ಟೇರಿಂಗ್ ಚಕ್ರದಲ್ಲಿ ಎರಡು ಬೆರಳಿನಷ್ಟು ಪ್ಲೇ (ಸಡಿಲ) ಬಂದುಬಿಡುತ್ತದೆ. ಹೈವೇಯಲ್ಲಿ ಗಾಡಿ ಸೀದಾ ಹೋಗಬೇಕಾದರೂ ಕೈ ಸುಮ್ನೆ ಇರುವ ಹಾಗಿಲ್ಲ. ಪಾರ್ಕಿಂಗ್‌ನಲ್ಲಂತೂ ಭುಜಕ್ಕೆ ವ್ಯಾಯಾಮ. ಆಗ ಫೋರ್ಡ್ ಕೊಡುತ್ತಿದ್ದ ಪವರ್ ಸ್ಟೇರಿಂಗ್ ಕೂಡ ಇದೇ ಸರಪಳಿಗೆ ಒಂದು ಹೈಡ್ರಾಲಿಕ್ ಸಿಲಿಂಡರ್, ಒಂದು ವಾಲ್ವ್ ಸೇರಿಸಿದ್ದು ಅಷ್ಟೇ. ಎಣ್ಣೆ ಸೋರುವುದರಲ್ಲಿ ಅದು ಹೆಸರುವಾಸಿ.

ಮಜಾ ಏನೆಂದರೆ, ಊರಿನಲ್ಲಿ ನಾವು ಬೈಯುತ್ತಾ ಓಡಿಸಿದ ಅಂಬಾಸಿಡರ್‌ಗೆ ಮೊದಲಿನಿಂದಲೂ ರ‍್ಯಾಕ್ ಸ್ಟೇರಿಂಗೇ ಇತ್ತು. ಮೋರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಬಳುವಳಿ ಅದು. ಮಸ್ಟ್ಯಾಂಗ್ ಹೆಸರಿನ ಕಾರಿಗೆ ರ‍್ಯಾಕ್ ಬಂದಿದ್ದು 1974ರ ಮಾಡೆಲ್‌ನಲ್ಲಿ.

ಕಿಟ್ ಹಾಕುವುದು ‘ಬೋಲ್ಟ್ ಬಿಗಿದರೆ ಮುಗಿಯಿತು’ ಎನ್ನುತ್ತಾರೆ. ರ‍್ಯಾಕ್ ಹೊರುವ ಅಡ್ಡಪಟ್ಟಿಯ ಮಟ್ಟಿಗೆ ಅದು ನಿಜ. ಹಳೆಯ ತೂತುಗಳಿಗೇ ಕೂರುತ್ತದೆ, ವೆಲ್ಡಿಂಗ್ ಬೇಡ. ಕಷ್ಟ ಇರುವುದು ಕಾಲಮ್‌ನಲ್ಲಿ, ಅಂದರೆ ಸ್ಟೇರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬದಲ್ಲಿ. 1966ರ ಕಾರಿನಲ್ಲಿ ಬಾಕ್ಸಿನಿಂದ ಸ್ಟೇರಿಂಗ್ ಚಕ್ರದವರೆಗೆ ಒಂದೇ ಉದ್ದದ ಕಬ್ಬಿಣದ ಶಾಫ್ಟ್. ಅದನ್ನು ತೆಗೆದು ಗಿಡ್ಡ ಕಾಲಮ್ ಹಾಕಬೇಕು. ಅಲ್ಲಿಂದ ರ‍್ಯಾಕ್‌ವರೆಗೆ ಯೂನಿವರ್ಸಲ್ ಜಾಯಿಂಟ್‌ಗಳು. ಎಂಜಿನ್ ಮತ್ತು ಎಗ್ಸಾಸ್ಟ್ ಹೆಡರ್ (ಹೊಗೆ ಕೊಳವೆಗಳು) ಮಧ್ಯೆ ಜಾಗ ಹುಡುಕಿಕೊಂಡು ಶಾಫ್ಟ್ ಇಳಿಯಬೇಕು. ಮೂರು ಜಾಯಿಂಟ್ ಬಂದರೆ ನಡುವೆ ಶಾಫ್ಟ್ ಹಿಡಿಯಲು ಬೇರಿಂಗ್ ಬೇಕೇ ಬೇಕು, ಇಲ್ಲದಿದ್ದರೆ ಅದು ಒದ್ದಾಡುತ್ತದೆ. ಇದರಲ್ಲಿ ಒಂದು ದೊಡ್ಡ ಲಾಭ ಇದೆ. ಮುಂದಿನಿಂದ ಗುದ್ದಿದರೆ ಹಳೆ ಶಾಫ್ಟ್ ಸೀದಾ ಎದೆಗೆ ಬರುತ್ತಿತ್ತು. ಈಗ ಜಾಯಿಂಟ್‌ನಲ್ಲಿ ಮಡಚಿಕೊಳ್ಳುವ ಅವಕಾಶ ಇದೆ. ನನ್ನ ಮಟ್ಟಿಗೆ ಕಿಟ್‌ಗೆ ದುಡ್ಡು ಹಾಕಲು ಇದೊಂದೇ ಕಾರಣ ಸಾಕಿತ್ತು.

ಕಿಟ್, ಪಂಪ್, ಕಾಲಮ್, ಕೂಲಿ ಎಲ್ಲ ಸೇರಿ ಮೂರು ಸಾವಿರ ಡಾಲರ್ ದಾಟಿತು.

ಓಡಿಸಲು ಹೇಗಿದೆ? ಮೊದಮೊದಲು ತೀರಾ ಹಗುರ. ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ. ಕೇಳಲು ಚೆನ್ನಾಗಿದೆ, ಆದರೆ ಗಂಟೆಗೆ 70 ಮೈಲಿಯಲ್ಲಿ ಅದು ಭಯ ಹುಟ್ಟಿಸುತ್ತದೆ. ಪಂಪ್ ಕೊಡುವ ಎಣ್ಣೆಯ ಹರಿವು ರ‍್ಯಾಕ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಹೀಗೇ ಆಗುವುದು. ಹರಿವು ತಗ್ಗಿಸುವ ಸಣ್ಣ ವಾಲ್ವ್ ಹಾಕಿಸಿದ ಮೇಲೆ ಕೈಗೆ ಸ್ವಲ್ಪ ತೂಕ ಸಿಕ್ಕಿತು. ಇನ್ನೊಂದು, ಅಲೈನ್‌ಮೆಂಟ್. ಅಂಗಡಿಯವರು 1966ರ ಪುಸ್ತಕದ ಅಳತೆ ಹಾಕಲು ಹೊರಟರೆ ಬೇಡ ಅನ್ನಿ. ಅದು ಆ ಕಾಲದ ಬಯಾಸ್ ಪ್ಲೈ ಟೈರಿಗೆ, ಕೈಯಿಂದಲೇ ತಿರುಗಿಸುವ ಸ್ಟೇರಿಂಗ್‌ಗೆ ಮಾಡಿದ್ದು. ಈಗಿನ ರೇಡಿಯಲ್ ಟೈರ್ ಇದ್ದು ಪವರ್ ಸ್ಟೇರಿಂಗ್ ಇದ್ದರೆ ಎರಡರಿಂದ ಮೂರು ಡಿಗ್ರಿ ಪಾಸಿಟಿವ್ ಕ್ಯಾಸ್ಟರ್ (ಟೈರ್ ತಿರುಗುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ) ಕೇಳಿ. ತಿರುವು ಮುಗಿದ ಮೇಲೆ ಸ್ಟೇರಿಂಗ್ ಚಕ್ರ ತಾನಾಗಿ ಮಧ್ಯಕ್ಕೆ ಬರುವುದು ಬಹುಪಾಲು ಇದರಿಂದ. ರ‍್ಯಾಕ್‌ನ ಗುಣ ಅಂತ ಹಲವರು ಹೊಗಳುವುದರಲ್ಲಿ ಅರ್ಧ ಈ ಕ್ಯಾಸ್ಟರ್‌ನದು.

ಈಗ ಅಸಲಿ ದೂರು. ಗಾಡಿ ಮೊದಲಿನಷ್ಟು ತಿರುಗುವುದಿಲ್ಲ. ಆಗ ಒಂದೇ ಸಲಕ್ಕೆ ಮುಗಿಯುತ್ತಿದ್ದ ಯು-ಟರ್ನ್‌ಗೆ ಈಗ ರಿವರ್ಸ್ ಹಾಕಬೇಕು. ಇಂಥ ಕಿಟ್‌ಗಳಲ್ಲಿ ಬರುವುದು ಬೇರೆ ಕಾರಿಗೆ ಮಾಡಿದ ರ‍್ಯಾಕ್. ಅದು ಆ ಕಡೆ ಈ ಕಡೆ ಸರಿಯುವ ದೂರ ಇಷ್ಟೇ ಅಂತ ಇರುತ್ತದೆ. ಮಸ್ಟ್ಯಾಂಗ್‌ನ ಸ್ಟೇರಿಂಗ್ ಆರ್ಮ್‌ಗೆ ಆ ದೂರ ಸಾಲದು, ಹಾಗಾಗಿ ಮುಂದಿನ ಟೈರ್ ಪೂರ್ತಿ ಕೋನಕ್ಕೆ ಹೋಗುವುದೇ ಇಲ್ಲ. ‘ಈ ತುದಿಯಿಂದ ಆ ತುದಿಗೆ ಮೂರೇ ಸುತ್ತು’ ಅಂತ ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆಯುತ್ತಾರಲ್ವಾ, ಅದರಲ್ಲಿ ಒಂದು ಪಾಲು ಟೈರ್ ಕಡಿಮೆ ತಿರುಗುವುದರಿಂದ ಬಂದದ್ದು! ಕಿಟ್ ಮಾರಿದವರನ್ನು ಕೇಳಿದರೆ ‘ಎಲ್ಲರದ್ದೂ ಹೀಗೇ’ ಅಂದರು. ಸುಳ್ಳಲ್ಲ, ಆದರೆ ದುಡ್ಡು ತೆಗೆದುಕೊಳ್ಳುವ ಮೊದಲು ಹೇಳಬಹುದಿತ್ತು.

ಎರಡನೆಯದು ಗುಂಡಿ ರಸ್ತೆಯ ವಿಷಯ. ಮಿಶಿಗನ್‌ನಲ್ಲಿ ಚಳಿಗಾಲ ಮುಗಿದ ಮೇಲೆ ರಸ್ತೆಗಳು ನಮ್ಮೂರನ್ನೇ ನೆನಪಿಸುತ್ತವೆ. ಟೈರ್ ಮೇಲೆ ಕೆಳಗೆ ಹೋಗುವಾಗ ಟೈ ರಾಡ್ ಮತ್ತು ಟೈರನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಕಂಟ್ರೋಲ್ ಆರ್ಮ್ ಹೆಚ್ಚುಕಡಿಮೆ ಒಂದೇ ಕಮಾನಿನಲ್ಲಿ ಚಲಿಸಬೇಕು. ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿಸದಿದ್ದರೂ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ನನ್ನದರಲ್ಲಿ ಇತ್ತು. ಟೈ ರಾಡ್ ಎಂಡ್ ಕೆಳಗೆ ವಾಷರ್ ಕೊಟ್ಟು ಎತ್ತರ ಸರಿಮಾಡಿಸಿದೆ. ಪೂರ್ತಿ ಹೋಗಿಲ್ಲ, ಬದುಕಬಹುದಾದಷ್ಟು ಕಡಿಮೆ ಆಗಿದೆ.

ಬಾಳಿಕೆ ಪರವಾಗಿಲ್ಲ. ರ‍್ಯಾಕ್ ಇದುವರೆಗೆ ಸೋರಿಲ್ಲ. ಒಂದು ಹೋಸ್ ಹೆಡರ್ ಬಿಸಿಗೆ ಗಟ್ಟಿಯಾಗಿತ್ತು, ಬದಲಿಸಿ ಹೀಟ್ ಸ್ಲೀವ್ ಹಾಕಿಸಿದೆ. ಜಾಯಿಂಟ್‌ಗಳ ಸೆಟ್ ಸ್ಕ್ರೂ ಮತ್ತು ಲಾಕ್ ನಟ್ ಪ್ರತಿ ವಸಂತದಲ್ಲೂ ಗಾಡಿ ಹೊರತೆಗೆಯುವಾಗ ನೋಡುತ್ತೇನೆ. ಮಿಶಿಗನ್‌ನಲ್ಲಿ ಕಾರಿಗೆ ವರ್ಷವರ್ಷ ಸರಕಾರಿ ತಪಾಸಣೆ ಇಲ್ಲ. ಹಾಗಾಗಿ ನೋಡುವವರು ನಾವೇ.

ಅಂಕ ಕೊಡಬೇಕೆಂದರೆ 5ಕ್ಕೆ ಮೂರೂವರೆ. ಹೈವೇ ಓಡಾಟ ಜಾಸ್ತಿ ಇದ್ದವರು, ಭುಜ ನೋವಿದ್ದವರು ಹಾಕಿಸಬಹುದು. ಇಕ್ಕಟ್ಟಾದ ಗ್ಯಾರೇಜು, ಸಣ್ಣ ಬೀದಿ ನಿಮ್ಮದಾದರೆ ಹಳೆ ಬಾಕ್ಸ್ ಜಾಗದಲ್ಲೇ ಕೂರುವ ಪವರ್ ಬಾಕ್ಸ್‌ಗಳು ಸಿಗುತ್ತವೆ, ಅದನ್ನು ನೋಡಿ. ಲಿಂಕ್ ಹಳೆಯದೇ ಉಳಿಯುವುದರಿಂದ ಟರ್ನಿಂಗ್ ಕೆಡುವುದಿಲ್ಲ. ಬರೀ ಪ್ಲೇ ತೊಂದರೆ ಇದ್ದರೆ ಮೊದಲು ಟೈ ರಾಡ್ ಎಂಡ್, ಐಡ್ಲರ್ ಆರ್ಮ್ ಬದಲಿಸಿ ಅಲೈನ್‌ಮೆಂಟ್ ಮಾಡಿಸಿ. ಕೆಲವರಿಗೆ ಅಷ್ಟರಲ್ಲೇ ಮುಗಿಯುತ್ತದೆ.

ಊರಿನಲ್ಲಿ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿರುವ ನನ್ನ ಸೋದರಮಾವ ‘ನಮ್ಮ ಗಾಡಿಗೂ ಹಾಕಿಸ್ಲೇನೋ?’ ಅಂತ ಫೋನಿನಲ್ಲಿ ಕೇಳಿದರು. ಅದರಲ್ಲಿರುವುದು ರ‍್ಯಾಕ್ ಅಲ್ಲ, ವರ್ಮ್ ಅಂಡ್ ರೋಲರ್ ಅನ್ನುವ ಬಾಕ್ಸ್ ಮಾದರಿಯ ಸ್ಟೇರಿಂಗ್. ಬೇರೆ ಕಾರಿನ ರ‍್ಯಾಕ್ ತಂದು ಕೂರಿಸಿದರೆ ಮೇಲೆ ಹೇಳಿದ ಟರ್ನಿಂಗ್, ಬಂಪ್ ಸ್ಟೀರ್ ಎರಡೂ ತಾಪತ್ರಯ ಅಲ್ಲೂ ಬರಬಹುದು. ಜೊತೆಗೆ ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದಕ್ಕೆ ಅದು ಅಡ್ಡಿ. ‘ಮಾವ, ಮೊದಲು ಆರ್‌ಟಿಒದಲ್ಲಿ ಕೇಳಿ, ಆಮೇಲೆ ಮೆಕ್ಯಾನಿಕ್ ಹತ್ರ ಹೋಗಿ’ ಅಂದೆ.