ಮಂಗಳೂರಿನ ಕೋವಿಡ್ ಸೇವೆ: ಮುಚ್ಚುವುದಕ್ಕೆ ಚುರುಕು, ತೆರೆಯುವುದಕ್ಕೆ ಎಡವಟ್ಟು

ಹೋಟೆಲಿಗೆ, ಗ್ಯಾರೇಜಿಗೆ, ಕೊರಿಯರಿನವರಿಗೆ ನಕ್ಷತ್ರ ಕೊಡುವ ನಾವು ಊರಿನ ಆಡಳಿತಕ್ಕೆ ಮಾತ್ರ ಕೊಡುವುದಿಲ್ಲ. ಮನೆತೆರಿಗೆ, ನೀರಿನ ಬಿಲ್ಲು ಕಟ್ಟುವವರೆಲ್ಲ ಅದರ ಗಿರಾಕಿಗಳೇ. 2020 ಮತ್ತು 2021ರಲ್ಲಿ ಮಂಗಳೂರಿಗೆ ಸಿಕ್ಕಿದ ಕೋವಿಡ್ ಸೇವೆಗೆ ಒಟ್ಟಾರೆ ಐದಕ್ಕೆ ಮೂರು. ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೆ ನಾಲ್ಕೂವರೆ, ಲಸಿಕೆಗೆ ಮೂರೂವರೆ, ಅಂಗಡಿಗಳ ಸಮಯ ನಿಗದಿಗೆ ಒಂದು. ಆ ಒಂದು ಕೂಡ ದಾಕ್ಷಿಣ್ಯಕ್ಕೆ.

ಅಂಕ ಯಾರಿಗೆ ಸೇರಬೇಕು ಎನ್ನುವುದನ್ನು ಮೊದಲೇ ಬಿಡಿಸಿ ಹೇಳಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಂಗಡಿ ಯಾವಾಗ ತೆರೆಯಬೇಕು, ಯಾವ ರಸ್ತೆ ಸೀಲ್‌ಡೌನ್ ಆಗಬೇಕು ಎಂದು ಆದೇಶ ಹೊರಡಿಸುತ್ತಿದ್ದದ್ದು ಜಿಲ್ಲಾಧಿಕಾರಿ ಕಚೇರಿ. ಗುಡಿಸುವುದು, ಔಷಧಿ ಸಿಂಪಡಿಸುವುದು, ಮಾರ್ಕೆಟ್, ಸ್ಮಶಾನ, ಕಸ, ಇವು ಮಹಾನಗರ ಪಾಲಿಕೆಯ ಪಾಲು. 60 ವಾರ್ಡುಗಳ ಈ ಪಾಲಿಕೆಗೆ ಚುನಾವಣೆ ನಡೆದದ್ದು 2019ರ ನವೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2020ರ ಫೆಬ್ರವರಿ ಕೊನೆಗೆ. ಮಾರ್ಚ್ 22ಕ್ಕೆ ಜಿಲ್ಲೆಯ ಮೊದಲ ಪ್ರಕರಣ ಬಂತು, ದುಬೈಯಿಂದ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರದ್ದು. ಕುರ್ಚಿ ಬಿಸಿಯಾಗುವ ಮೊದಲೇ ಮಂಡೆಬಿಸಿ ಶುರುವಾಯಿತು ಅನ್ನಿ.

ವೆನ್ಲಾಕ್‌ನ ವಿಷಯದಲ್ಲಿ ತಕರಾರು ಕಡಿಮೆ. 1848ರ ಆಸ್ಪತ್ರೆ, ಪೂರ್ತಿಯಾಗಿ ಕೋವಿಡ್‌ಗೆ ಮೀಸಲಾಯಿತು. ಇತರ ರೋಗಿಗಳು ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೋದರು. ಒಂದೇ ಜಿಲ್ಲೆಯಲ್ಲಿ ಎಂಟು ಮೆಡಿಕಲ್ ಕಾಲೇಜು ಇರುವ ಕಡೆ ಮಾತ್ರ ಇಷ್ಟು ಬೇಗ ಹೀಗೆ ಮಾಡಲು ಸಾಧ್ಯ. ಉಡುಪಿಯಲ್ಲೂ ಇದೇ ದಾರಿ: ಅಲ್ಲಿ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯೇ ಕೋವಿಡ್ ಆಸ್ಪತ್ರೆಯಾಯಿತು. ಆರಂಭದಲ್ಲಿ ಗಂಟಲ ದ್ರವದ ಮಾದರಿ ಹೊರ ಜಿಲ್ಲೆಗೆ ಹೋಗಿ ವರದಿ ಬರಲು ಕಾಯಬೇಕಿತ್ತು. ಏಪ್ರಿಲ್‌ನಲ್ಲಿ ವೆನ್ಲಾಕ್‌ನಲ್ಲೇ ಲ್ಯಾಬ್ ತೆರೆದ ಮೇಲೆ ಆ ಕಾಯುವಿಕೆ ಇಳಿಯಿತು. ಅರ್ಧ ಅಂಕ ಕಳೆದದ್ದು ಯಾಕೆಂದರೆ, ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಬಸ್ಸು ಹತ್ತಿ ಬರುವ ಬಡವರಿಗೆ ಗೊತ್ತಿರುವುದು ವೆನ್ಲಾಕ್ ಒಂದೇ. ಯಾವ ವಿಭಾಗ ಎಲ್ಲಿಗೆ ಹೋಗಿದೆ ಎಂದು ಒಂದು ದೊಡ್ಡ ಬೋರ್ಡು ಗೇಟಿನಲ್ಲಿ ಮೊದಲ ದಿನವೇ ಬೇಕಿತ್ತು.

ಮಳೆಗಾಲದಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಮಂಗಳೂರು ಮಲೇರಿಯಾದ ಊರು. ಜ್ವರ ಬಂದರೆ ರಕ್ತ ಕೊಡುವುದು ಇಲ್ಲಿ ಅಭ್ಯಾಸ. ಪಾಲಿಕೆ 2015ರಲ್ಲೇ ಟ್ಯಾಬ್ ಹಿಡಿದು ಮನೆಮನೆಗೆ ಹೋಗುವ ಮಲೇರಿಯಾ ನಿಯಂತ್ರಣ ವ್ಯವಸ್ಥೆ ಕಟ್ಟಿತ್ತು. ಜೂನ್ ಆದ ಮೇಲೆ ಇಲ್ಲಿ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ, ಕೊರೊನಾ ನಾಲ್ಕರಲ್ಲಿ ಯಾವುದೂ ಆಗಬಹುದು. ಮೂಗಿಗೆ ಕಡ್ಡಿ ಹಾಕಿ ನೆಗೆಟಿವ್ ಬಂತು ಎಂದು ಮನೆಗೆ ಕಳಿಸಿದರೆ ಮಲೇರಿಯಾ ಒಳಗೇ ಉಳಿಯುತ್ತದೆ. ಪಾಸಿಟಿವ್ ಬಂತು ಎಂದು ರಕ್ತ ನೋಡದೆ ಬಿಟ್ಟರೂ ಅದೇ ಅಪಾಯ, ಎರಡೂ ಒಟ್ಟಿಗೆ ಇರಬಹುದು. ಚಳಿ ಹಿಡಿದು ಜ್ವರ ಬಿಟ್ಟುಬಿಟ್ಟು ಬಂದರೆ ಸ್ವಾಬ್ ಜೊತೆಗೆ ಮಲೇರಿಯಾ ಪತ್ತೆಯ ರಕ್ತದ ಸ್ಮಿಯರ್, ಪ್ಲೇಟ್‌ಲೆಟ್ ಎಣಿಕೆಯನ್ನು ಅದೇ ಭೇಟಿಯಲ್ಲಿ ಕೇಳಿ ಮಾಡಿಸಿಕೊಳ್ಳಬೇಕು. ಕರಾವಳಿಯಲ್ಲಿ ಯಾವ ಫೀವರ್ ಕ್ಲಿನಿಕ್‌ಗೂ ಇದು ಕನಿಷ್ಠ ಮಾನದಂಡ.

ಈಗ ಒಂದು ಅಂಕದ ಕಥೆ. 2020ರ ಮಾರ್ಚ್ ಕೊನೆಯಲ್ಲಿ ಮೂರು ದಿನ ಜಿಲ್ಲೆ ಪೂರ್ತಿ ಬಂದ್. 31ರಂದು ಬೆಳಿಗ್ಗೆ ಬಾಗಿಲು ತೆರೆದಾಗ ಮೂರು ದಿನದ ಗಿರಾಕಿಗಳು ಒಂದೇ ದಿನ ಬಂದರು. ಬಾರದೆ ಏನು ಮಾಡುತ್ತಾರೆ? ಆಮೇಲೆ ದಿನಸಿ, ತರಕಾರಿಗೆ ಬೆಳಿಗ್ಗೆ 7ರಿಂದ 12 ಎಂಬ ಪದ್ಧತಿ ಬಂತು. 2021ರ ಎರಡನೇ ಅಲೆಗೆ ರಾಜ್ಯವೇ ಅದನ್ನು 6ರಿಂದ 10ಕ್ಕೆ ಇಳಿಸಿತು. ಇದರ ಲೆಕ್ಕ ಬೆರಳಲ್ಲೇ ಹಾಕಬಹುದು. ದಿನಕ್ಕೆ 240 ಜನ ಬರುವ ಒಂದು ದಿನಸಿ ಅಂಗಡಿ, ಒಬ್ಬರಿಗೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. 12 ಗಂಟೆ ತೆರೆದಿದ್ದರೆ ಗಂಟೆಗೆ 20 ಜನ. ಯಾವ ಹೊತ್ತಿಗೆ ನೋಡಿದರೂ ಅಂಗಡಿಯಲ್ಲಿ ಮೂವರು, ಹೆಚ್ಚೆಂದರೆ ನಾಲ್ವರು. ಐದೇ ಗಂಟೆ ತೆರೆದರೆ ಗಂಟೆಗೆ 48, ಒಳಗೆ ಎಂಟು ಜನ. ನಾಲ್ಕು ಗಂಟೆಗೆ ಇಳಿಸಿದರೆ ಹತ್ತು ಜನ. ಹತ್ತಡಿ ಅಗಲದ ಅಂಗಡಿಯಲ್ಲಿ ಮೂವರು ಅಂತರ ಕಾಯ್ದುಕೊಳ್ಳಬಹುದು, ಹತ್ತು ಜನ ಆಗದು. ನೆಲಕ್ಕೆ ಬಿಳಿ ಬಣ್ಣದಲ್ಲಿ ಎಷ್ಟು ವೃತ್ತ ಬರೆದರೂ ಈ ಭಾಗಾಕಾರ ಬದಲಾಗುವುದಿಲ್ಲ. ಸಮಯ ಕಡಿತ ಮಾಡಿದ್ದರಿಂದ ರಸ್ತೆ ಖಾಲಿ ಕಂಡಿತು, ಫೋಟೋ ಚೆನ್ನಾಗಿ ಬಂತು; ಕೌಂಟರಿನ ಎದುರು ಮಾತ್ರ ಜನ ಮೂರು ಪಟ್ಟಾದರು.

ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಿದ್ದು ಉದ್ದೇಶದಲ್ಲಿ ಸರಿ. ಹಂಪನಕಟ್ಟೆಯ ಆ ಓಣಿಗಳಲ್ಲಿ ಕೈಗಾಡಿ, ಲೋಡರ್, ಗಿರಾಕಿ ಎಲ್ಲ ಒಂದೇ ಜಾಗದಲ್ಲಿ ಭುಜ ತಾಗಿಸಿಕೊಂಡೇ ನಡೆಯಬೇಕಿತ್ತು. ಬೈಕಂಪಾಡಿಯಲ್ಲಿ ಲಾರಿ ತಿರುಗಿಸಲು ಜಾಗ ಇದೆ, ಹೆದ್ದಾರಿ ಪಕ್ಕದಲ್ಲಿದೆ. ತಪ್ಪಿದ್ದು ಜೋಡಣೆಯಲ್ಲಿ. ತರಕಾರಿ ಲಾರಿ ಘಾಟಿ ಇಳಿದು ಬರುವುದು ರಾತ್ರಿ. ಇಳಿಸಿ, ವಿಂಗಡಿಸಿ, ದರ ಮಾತಾಡಿ ಮುಗಿಯುವಾಗ ಬೆಳಗಿನ ಜಾವ. ಚಿಲ್ಲರೆ ಅಂಗಡಿಯವನು ಟೆಂಪೋದಲ್ಲಿ ತುಂಬಿಸಿ ಕೂಳೂರು ಸೇತುವೆಯ ಇಕ್ಕಟ್ಟು ದಾಟಿ, ಹತ್ತು ಕಿಲೋಮೀಟರಿನ ಆಚೆಯಿಂದ ನಗರಕ್ಕೆ ಬಂದು, ಅಂಗಡಿಯಲ್ಲಿ ಹರಡುವಾಗ ಎಂಟು ಗಂಟೆ. ಅಂದರೆ ಏಳರಿಂದ ಹನ್ನೆರಡು ಎಂಬ ಐದು ಗಂಟೆಯಲ್ಲಿ ಒಂದು ಗಂಟೆ ಅಲ್ಲೇ ಹೋಯಿತು. ಉಳಿದ ಬಸಳೆ, ಹರಿವೆ ಸಂಜೆ ಮಾರುವ ಹಾಗಿರಲಿಲ್ಲ, ಮರುದಿನಕ್ಕೆ ಬಾಡುತ್ತದೆ. ಅದರ ನಷ್ಟವೂ ದರದಲ್ಲಿ ಸೇರಿ ಗಿರಾಕಿಯ ತಲೆಗೇ ಬರುತ್ತದೆ. ಹೋದ ಕಡೆ ಗೋದಾಮು, ನೀರು, ಶೌಚಾಲಯ ಸಾಲದು ಎಂದು ವ್ಯಾಪಾರಿಗಳು ಹೇಳಿದ್ದರಲ್ಲೂ ನ್ಯಾಯವಿತ್ತು. ಸಗಟನ್ನು ಹೊರಗೆ ಕಳಿಸಿದರೆ ಚಿಲ್ಲರೆಯ ಸಮಯವನ್ನು ಹಿಗ್ಗಿಸಬೇಕು. ಎರಡನ್ನೂ ಕುಗ್ಗಿಸಿದರೆ ಕೆಲಸ ಕೆಡುತ್ತದೆ.

ಸಿಂಪಡಣೆ. ಇದು ಕಣ್ಣಿಗೆ ಹೆಚ್ಚು ಕಂಡ, ಕೆಲಸಕ್ಕೆ ಕಡಿಮೆ ಬಂದ ಸೇವೆ. ಜನರ ಮೈಮೇಲೆ ದ್ರಾವಣ ಹೊಡೆಯಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತು, ಬೀದಿಗೆ ಹೊಡೆದು ಪ್ರಯೋಜನ ಇಲ್ಲ ಎಂದು ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಪ್ರಯೋಜನ ಇರುವುದು ಕೈ ತಾಗುವ ಜಾಗದಲ್ಲಿ: ಲಿಫ್ಟಿನ ಬಟನ್, ಮೆಟ್ಟಿಲ ಕೈಹಿಡಿ, ಸಾರ್ವಜನಿಕ ಶೌಚಾಲಯದ ಚಿಲಕ. ಅಪಾರ್ಟ್‌ಮೆಂಟ್ ಸಂಘಗಳು ಆಗ ಅಳತೆ ಕೇಳುತ್ತಿದ್ದವು, ಆದ್ದರಿಂದ ಬರೆದಿಡುವುದು ಒಳ್ಳೆಯದು. ಬೇಕಾದ್ದು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್. ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್‌ಗೆ ಶೇ. 5ರ ದ್ರಾವಣವಾದರೆ 3.2 ಲೀಟರ್, ಉಳಿದ 12.8 ನೀರು. ಶೇ. 10ರದ್ದಾದರೆ 1.6 ಲೀಟರ್ ಸಾಕು, ನೀರು 14.4. ಬ್ಲೀಚಿಂಗ್ ಪೌಡರ್ ಬಳಸುವುದಾದರೆ, ಶೇ. 30 ಕ್ಲೋರಿನ್ ಇರುವ ಪುಡಿ ಲೀಟರಿಗೆ 33 ಗ್ರಾಂ. ಕಲಸಿ ಗಸಿ ಇಳಿಯಲು ಬಿಟ್ಟು ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಯೇ ಸ್ಪ್ರೇಯರಿಗೆ ಹಾಕಬೇಕು, ಇಲ್ಲದಿದ್ದರೆ ಸುಣ್ಣದ ಗಸಿ ನಾಝಲ್ ಕಟ್ಟುತ್ತದೆ.

ಕೆಡುವುದು ಎಲ್ಲಿ ಎಂದರೆ, ಮೊದಲನೆಯದಾಗಿ ನಮ್ಮ ಹವೆಯಲ್ಲಿ. ಬಾಯಿ ಬಿಚ್ಚಿದ ಬ್ಲೀಚಿಂಗ್ ಚೀಲ ಜೂನ್‌ನಲ್ಲಿ ಮುದ್ದೆ ಕಟ್ಟಿದರೆ ಅದರ ಕ್ಲೋರಿನ್ ಬಹಳಷ್ಟು ಹೋಗಿರುತ್ತದೆ. ಅಳತೆ ಸರಿಯಾಗಿದ್ದರೂ ದ್ರಾವಣ ಸಪ್ಪೆ. ಬೆರೆಸಿದ ದ್ರಾವಣ ಆ ದಿನಕ್ಕೆ ಮಾತ್ರ. ಪಾಚಿ, ಮಣ್ಣು ಇರುವ ನೆಲಕ್ಕೆ ನೇರ ಹೊಡೆದರೆ ಕೊಳೆಯೇ ಕ್ಲೋರಿನ್ನನ್ನು ತಿಂದು ಮುಗಿಸುತ್ತದೆ, ಮೊದಲು ಸಾಬೂನು ನೀರಲ್ಲಿ ತೊಳೆಯಬೇಕು. ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಹೊಡೆದ ಕೂಡಲೇ ಒರೆಸಿದರೆ ಹೊಡೆದದ್ದು ವ್ಯರ್ಥ. ಕಬ್ಬಿಣದ ಗೇಟು ತುಕ್ಕು ಹಿಡಿಯುತ್ತದೆ, ಲೋಹಕ್ಕೆ ಶೇ. 70ರ ಸ್ಪಿರಿಟ್ ಒಳ್ಳೆಯದು. ಮತ್ತೆ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚಿಂಗ್ ಬೆರೆಸಲೇಬಾರದು: ಬರುವುದು ವಿಷದ ಗಾಳಿ.

ಕ್ವಾರಂಟೈನ್‌ಗೆ ಎರಡೂವರೆ. ಕೈಗೆ ಮುದ್ರೆ, ಗೇಟಿಗೆ ಚೀಟಿ, ಮೊಬೈಲಿಗೆ ಕ್ವಾರಂಟೈನ್ ವಾಚ್ ಆ್ಯಪ್. ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು, ಅಂದರೆ ದಿನಕ್ಕೆ ಸುಮಾರು 15. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜನಿಗೆ, ತೋಟದ ಮಧ್ಯೆ ನೆಟ್‌ವರ್ಕ್ ಸಿಗದ ಮನೆಗೆ ಇದು ಹೊಂದುವುದೇ ಇಲ್ಲ. ಬಾಗಿಲಲ್ಲಿ ನಿಂತು ಆಶಾ ಕಾರ್ಯಕರ್ತೆ ಕೇಳುವ "ಊಟ ಸೇರ್ತದಾ, ಉಸಿರಾಡ್ಲಿಕ್ಕೆ ಕಷ್ಟ ಉಂಟಾ" ಎಂಬ ಎರಡು ಪ್ರಶ್ನೆಯಿಂದ ಸಿಗುವ ಮಾಹಿತಿ ಆ 15 ಫೋಟೋದಲ್ಲಿ ಇಲ್ಲ. ಚೀಟಿಯ ವಿಷಯದಲ್ಲಿ ದೊಡ್ಡ ಲೋಪ: ಅಂಟಿಸಲು ಜನ ಬಂದರು, 14 ದಿನ ಮುಗಿದ ಮೇಲೆ ತೆಗೆಯಲು ಯಾರೂ ಜವಾಬ್ದಾರರಿರಲಿಲ್ಲ. ಚೀಟಿ ಇರುವ ಮನೆಗೆ ಹಾಲಿನವನೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಜನ ಪರೀಕ್ಷೆಯನ್ನೇ ಮುಂದೂಡಿದರು. ಸೋಂಕು ಅಡಗಿಸುವವರು ಹುಟ್ಟುವುದು ಹೀಗೆ.

ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ತುರ್ತು ರೋಗಿಗಳಿಗೆ ದಾರಿ ತೆರೆದದ್ದು ಎಲ್ಲರಿಗೂ ಗೊತ್ತು. 2021ರ ಆಗಸ್ಟ್‌ನಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಕೇಳಿದಾಗ ಹಲವರು ಎಡವಿದ್ದು ಒಂದೇ ಕಡೆ: 72 ಗಂಟೆ ಎಣಿಸುವುದು ವರದಿ ಬಂದ ಹೊತ್ತಿನಿಂದ ಅಲ್ಲ, ಮಾದರಿ ಕೊಟ್ಟ ಹೊತ್ತಿನಿಂದ. ವರದಿಗೆ ಒಂದು ದಿನ ಹೋದರೆ ಕೈಯಲ್ಲಿ ಉಳಿಯುವುದು ಎರಡೇ ದಿನ.

ಹಾಸಿಗೆ ಮತ್ತು ಬಿಲ್ಲು. 2020ರ ಜೂನ್ ಆದೇಶದ ಪ್ರಕಾರ ಸರ್ಕಾರ ಕಳಿಸಿದ ರೋಗಿಗೆ ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ ಜನರಲ್ ವಾರ್ಡ್ 5,200, ಎಚ್‌ಡಿಯು (ಜನರಲ್ ವಾರ್ಡಿಗೂ ಐಸಿಯುಗೂ ನಡುವಿನ ನಿಗಾ ಘಟಕ) 7,000, ಐಸಿಯು 8,500, ವೆಂಟಿಲೇಟರ್ ಇದ್ದರೆ 10,000 ರೂಪಾಯಿ. ಅದನ್ನು ಕಟ್ಟುತ್ತಿದ್ದದ್ದು ಸರ್ಕಾರ. ತಾವಾಗಿಯೇ ಹೋಗಿ ಸೇರಿದವರಿಗೆ ಮಿತಿ ಇದೇ ಕ್ರಮದಲ್ಲಿ 10,000, 12,000, 15,000, 25,000 ಇತ್ತು. ಎರಡರ ನಡುವಿನ ವ್ಯತ್ಯಾಸ ಒಂದು ಶಿಫಾರಸು ಪತ್ರ. ಗಾಬರಿಯಲ್ಲಿ ನೇರ ಖಾಸಗಿಗೆ ಓಡಿ, ಅಡ್ವಾನ್ಸ್ ಕಟ್ಟಿ, ಮೂರನೇ ದಿನ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಸಹಾಯಕರನ್ನು) ಹುಡುಕಿದವರಿಗೆ ಕಷ್ಟವಾಯಿತು. ಕೌಂಟರಿನಲ್ಲಿ ಹಣ ಇಡುವ ಮೊದಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಮಾತು ಎತ್ತಬೇಕಿತ್ತು. ಈ ದರಗಳನ್ನು ಪ್ರತಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದ್ದರೆ ಖರ್ಚು ಎಷ್ಟಾಗುತ್ತಿತ್ತು?

ಲಸಿಕೆಯಲ್ಲಿ ಸಿಬ್ಬಂದಿಯ ಕೈಚಳಕಕ್ಕೆ ಪೂರ್ತಿ ಅಂಕ. ಕೋವಿಶೀಲ್ಡ್ ಬಾಟಲಿಯಲ್ಲಿ 0.5 ಎಂಎಲ್‌ನ 10 ಡೋಸ್, ತೆರೆದ ನಾಲ್ಕು ಗಂಟೆಯೊಳಗೆ ಮುಗಿಯಬೇಕಿತ್ತು. ಮಧ್ಯಾಹ್ನ ಮೂರಕ್ಕೆ ಆರು ಜನ ಉಳಿದರೆ ನರ್ಸ್ ಬಾಟಲಿ ತೆರೆಯಲು ಹಿಂಜರಿಯುತ್ತಿದ್ದದ್ದು ಉದಾಸೀನದಿಂದಲ್ಲ, ನಾಲ್ಕು ಡೋಸ್ ಪೋಲಾಗುತ್ತದೆ ಎಂದು. ಅಂಥ ಹೊತ್ತಿಗೆ ಅಕ್ಕಪಕ್ಕದಿಂದ ನಾಲ್ವರನ್ನು ಫೋನ್ ಮಾಡಿ ಕರೆಸಿಕೊಂಡರೆ ಎಲ್ಲರ ಕೆಲಸ ಆಗುತ್ತಿತ್ತು. ಅಂಕ ಹೋದದ್ದು ಮಾಹಿತಿಯಲ್ಲಿ. 2021ರ ಮೇ 13ರಂದು ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರಕ್ಕೆ ಏರಿತು. ಲಸಿಕೆ ನೋಂದಣಿಯ ಕೋವಿನ್ ಜಾಲತಾಣ 84 ದಿನಕ್ಕೆ ಮೊದಲು ಹೆಸರು ತೆಗೆದುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ಸಾಲು ನಿಂತ ಹಿರಿಯರಿಗೆ ಇದು ತಿಳಿಯುತ್ತಿದ್ದದ್ದು ಟೋಕನ್ ಕೊಡುವ ಹೊತ್ತಿಗೆ.

ಕೊಲ್ಲಿಗೆ ಹೋಗುವವರ ಊರಿಗೆ ಬೇಕಾದ ವಿನಾಯಿತಿ ಜೂನ್‌ನಲ್ಲಿ ಬಂತು: ಓದಲು, ಕೆಲಸಕ್ಕೆ ವಿದೇಶಕ್ಕೆ ಹೋಗುವವರಿಗೆ 28 ದಿನ ಕಳೆದರೆ ಎರಡನೇ ಡೋಸ್. ಕಾಲೇಜಿನ ಪ್ರವೇಶ ಪತ್ರ ಅಥವಾ ಉದ್ಯೋಗದ ಕಾಗದ, ಜೊತೆಗೆ ಪಾಸ್‌ಪೋರ್ಟ್ ಬೇಕಿತ್ತು. ಮೊದಲ ಡೋಸ್‌ಗೆ ಆಧಾರ್ ಕೊಟ್ಟವರು ಇಲ್ಲಿ ಸಿಕ್ಕಿಬಿದ್ದರು. ಆಧಾರ್‌ನಲ್ಲಿ ಒಂದೇ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೂ ಸೇರಿ ಎರಡು. ಪ್ರಮಾಣಪತ್ರದಲ್ಲಿ ಬರುತ್ತಿದ್ದದ್ದು ಆಧಾರ್‌ನದ್ದು. ಕೋವಿನ್‌ನಲ್ಲಿ ತಿದ್ದುಪಡಿಗೆ ಆಗ ಇದ್ದದ್ದು ಒಂದೇ ಅವಕಾಶ, ಅದರಲ್ಲೂ ಅಕ್ಷರ ತಪ್ಪಿದರೆ ಮುಗಿಯಿತು. ಪಾಸ್‌ಪೋರ್ಟನ್ನು ಪಕ್ಕದಲ್ಲಿ ತೆರೆದಿಟ್ಟು, ಅದರ ಕೊನೆಯ ಪುಟದ ವಿಳಾಸಕ್ಕೆ ಕಣ್ಣು ಹಾಕದೆ, ಫೋಟೋ ಇರುವ ಪುಟದಲ್ಲಿ ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಒಂದೊಂದೇ ಅಕ್ಷರ ನೋಡಿ ಹಾಕಿದವರಿಗೆ ಮಾತ್ರ ಬಜ್ಪೆಯ ಕೌಂಟರಿನಲ್ಲಿ ತೊಂದರೆ ಆಗಲಿಲ್ಲ.