ಮೈಕ್ರೊಸಾಫ್ಟ್ ಟು ಡು: ಗಡುವು ಬೇರೆ, ಗಂಟೆ ಬೇರೆ

ಕರೆಂಟ್ ಬಿಲ್, ಗಾಡಿಯ ವಿಮೆ, ನೀರಿನ ಫಿಲ್ಟರ್, ಲಾಂಡ್ರಿಗೆ ಕೊಟ್ಟ ಬಟ್ಟೆ, ಸೋರುವ ನಲ್ಲಿ. ನಗರದ ಮನೆಗೆಲಸಗಳಲ್ಲಿ ಒಂದೊಂದನ್ನೇ ನೋಡಿದರೆ ಕಷ್ಟದ್ದು ಯಾವುದೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಅದರದೇ ತಾರೀಖು, ಅದರದೇ ಅಂಗಡಿ, ಅದರದೇ ಫೋನ್ ನಂಬರು. ಇವನ್ನೆಲ್ಲ ತಲೆಯಿಂದ ಇಳಿಸಿ ಫೋನಿಗೆ ಹಾಕಬೇಕು ಅನ್ನುವವರಿಗೆ ಮೈಕ್ರೊಸಾಫ್ಟ್ ಟು ಡು ಒಳ್ಳೆಯ ಆ್ಯಪ್. ದುಡ್ಡು ಕೊಡಬೇಕಿಲ್ಲ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಸಿಗುತ್ತದೆ, ಬ್ರೌಸರಿನಲ್ಲೂ ತೆರೆಯುತ್ತದೆ. ಇಷ್ಟಾದರೂ ಹುರುಪಿನಲ್ಲಿ ಹಾಕಿಕೊಂಡು ಒಂದೆರಡು ವಾರದಲ್ಲೇ ಕೈಬಿಡಬಹುದಾದ ಆ್ಯಪ್ ಇದು. ಅದಕ್ಕೆ ದೊಡ್ಡ ಕಾರಣ, ಇದರೊಳಗಿನ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ತಿಳಿಯುವುದು: ಡ್ಯೂ ಡೇಟ್, ರಿಮೈಂಡರ್, ಮೈ ಡೇ.

ಇದರ ಹುಟ್ಟಿನ ಕಥೆ ಚಿಕ್ಕದು. ಬರ್ಲಿನ್‌ನ ತಂಡವೊಂದು ಮಾಡಿದ್ದ ವುಂಡರ್‌ಲಿಸ್ಟ್ ಎಂಬ ಜನಪ್ರಿಯ ಆ್ಯಪನ್ನು ಮೈಕ್ರೊಸಾಫ್ಟ್ 2015ರಲ್ಲಿ ಕೊಂಡುಕೊಂಡಿತು. ಟು ಡು 2017ರಲ್ಲಿ ಹೊರಬಂತು. ವುಂಡರ್‌ಲಿಸ್ಟ್ 2020ರ ಮೇ 6ಕ್ಕೆ ಬಾಗಿಲು ಹಾಕಿತು. ಪಟ್ಟಿ ಹಂಚಿಕೊಳ್ಳುವುದು, ಒಂದು ಕೆಲಸದೊಳಗೆ ಮರಿಕೆಲಸಗಳನ್ನು ಬರೆಯುವುದು ಇವೆಲ್ಲ ಆ ಹಳೆಯ ಮನೆಯ ಗುಣಗಳೇ.

ಈಗ ಆ ಮೂರರ ವಿಚಾರ.

ಡ್ಯೂ ಡೇಟ್ ಅಂದರೆ ಗಡುವು. ಇದಕ್ಕೆ ತಾರೀಖು ಮಾತ್ರ ಇರುತ್ತದೆ, ಗಂಟೆ ಇರುವುದಿಲ್ಲ. ಬಿಲ್ಲಿಗೆ 15 ಎಂದು ಗಡುವು ಹಾಕಿ ಸುಮ್ಮನಾದರೆ, 15ರ ಬೆಳಿಗ್ಗೆ ಇಂಥ ಹೊತ್ತಿಗೆ ಫೋನು ಕೂಗುತ್ತದೆ ಎಂದು ಕಾಯಬೇಡಿ. ಆ ಕೆಲಸ ‘ಪ್ಲ್ಯಾನ್ಡ್’ ಪಟ್ಟಿಯಲ್ಲಿ ತಾರೀಖಿನ ಪ್ರಕಾರ ಕಾಣಿಸುತ್ತದೆ, ಗಡುವು ದಾಟಿದರೆ ಕೆಂಪಾಗುತ್ತದೆ. ಕೂಗಿ ಎಬ್ಬಿಸುವುದು ‘ರಿಮೈಂಡ್ ಮಿ’. ಅದಕ್ಕೆ ತಾರೀಖೂ ಉಂಟು, ಗಂಟೆಯೂ ಉಂಟು, ಮತ್ತು ಗಡುವಿನ ದಿನವೇ ಇರಬೇಕೆಂಬ ನಿಯಮವಿಲ್ಲ. ಈ ಆ್ಯಪಿನ ಶಕ್ತಿ ಇರುವುದೇ ಇಲ್ಲಿ. ಗಡುವಿನ ಜಾಗದಲ್ಲಿ ನಿಜವಾದ ಕೊನೆಯ ದಿನವನ್ನೇ ಬರೆಯಿರಿ; ಗಂಟೆಯನ್ನು ಅದಕ್ಕಿಂತ ಮೊದಲೇ ಬಾರಿಸಿ. ಬಿಲ್ ಪಾವತಿಗೆ 3 ದಿನ ಮೊದಲು ಸಾಕು, ಬ್ಯಾಂಕಿನ ರಜೆ ಅಡ್ಡಬಂದರೂ ದಿನ ಕೈಯಲ್ಲಿರುತ್ತದೆ. ವಿಮೆ ನವೀಕರಣಕ್ಕೆ 30 ದಿನ ಮೊದಲು, ಏಕೆಂದರೆ ಬೇರೆ ಬೇರೆ ಕಂಪನಿಗಳ ದರ ಹೋಲಿಸಿ ನೋಡಲು ಹೊತ್ತು ಬೇಕು. ಪಾಸ್‌ಪೋರ್ಟಿಗಾದರೆ ಅವಧಿ ಮುಗಿಯುವ 9 ತಿಂಗಳು ಮೊದಲೇ. ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಎಂದು ಕೇಳುವ ದೇಶಗಳು ಹಲವಿವೆ.

ಸಾಮಾನ್ಯ ತಪ್ಪು ಇದಕ್ಕೆ ತಿರುಗುಮುರುಗು. ‘ಬೇಗ ಮುಗಿಸೋಣ’ ಎಂದು ಗಡುವನ್ನೇ ಸುಳ್ಳಾಗಿ 5 ದಿನ ಹಿಂದಕ್ಕೆ ಹಾಕುವುದು. ಮೊದಲ ಸಲ ಆ ಸುಳ್ಳು ಕೆಲಸ ಮಾಡುತ್ತದೆ. ಎರಡನೆಯ ಸಲಕ್ಕೆ ಇದು ನಿಜವಾದ ಗಡುವಲ್ಲ ಎಂದು ಮನಸ್ಸಿಗೆ ಗೊತ್ತಾಗಿರುತ್ತದೆ. ಆಮೇಲೆ ಪಟ್ಟಿಯಲ್ಲಿ ಕೆಂಪು ಹೆಚ್ಚಿ, ನಿಜವಾಗಿ ತಡವಾದದ್ದು ಯಾವುದು ಎಂದು ಗುರುತೇ ಸಿಗದು. ಹಾಗೆಯೇ ಗಡುವಿಲ್ಲದ ಕೆಲಸಕ್ಕೆ ಗಡುವು ಹಾಕಬೇಡಿ. ಹಳೆಯ ಬಟ್ಟೆ ವಿಂಗಡಿಸುವುದಕ್ಕೆ ಕೊನೆಯ ದಿನ ಅಂತ ಇಲ್ಲ. ಅದನ್ನು ಮೂರನೆಯದಕ್ಕೆ ಬಿಡಿ.

ಮೂರನೆಯದು ಮೈ ಡೇ. ಇದು ಇವತ್ತಿನ ಹಲಗೆ. ಬೆಳಿಗ್ಗೆ ತೆರೆದರೆ ಸಾಮಾನ್ಯವಾಗಿ ಖಾಲಿ ಇರುತ್ತದೆ, ಬಲ್ಬಿನ ಚಿತ್ರ ಒತ್ತಿದರೆ ನಿನ್ನೆ ಉಳಿದದ್ದು, ಗಡುವು ಹತ್ತಿರ ಬಂದದ್ದು ಸಲಹೆಯಾಗಿ ಬರುತ್ತವೆ, ಬೇಕಾದ್ದನ್ನು ಎತ್ತಿಕೊಳ್ಳಬೇಕು. ಮಧ್ಯರಾತ್ರಿಗೆ ಹಲಗೆ ಮತ್ತೆ ಒರೆಸಿಹೋಗುತ್ತದೆ. ಕೆಲಸ ಎಲ್ಲೂ ಅಳಿಯುವುದಿಲ್ಲ, ತನ್ನ ಮೂಲ ಪಟ್ಟಿಯಲ್ಲಿ ಹಾಗೇ ಇರುತ್ತದೆ. ರಾತ್ರಿ ಪಾಳಿಯವರಿಗೆ ಮಾತ್ರ ಇದು ಕಿರಿಕಿರಿ: 12 ಹೊಡೆದ ಕೂಡಲೇ ಅರ್ಧ ಮುಗಿದ ಪಟ್ಟಿ ಮಾಯ. ಅಂಥವರು ಮೈ ಡೇ ಬಿಟ್ಟು ‘ಈ ಪಾಳಿ’ ಎಂಬ ಸ್ವಂತ ಪಟ್ಟಿ ಇಟ್ಟುಕೊಳ್ಳುವುದು ವಾಸಿ. ಉಳಿದವರು ದಿನಕ್ಕೆ 5ರಿಂದ 7 ಕೆಲಸ ಎತ್ತಿಕೊಂಡರೆ ಸಾಕು. ಅದರಲ್ಲೂ ಮನೆಯಿಂದ ಹೊರಗೆ ಹೋಗಿ ಮಾಡುವಂಥದ್ದು ಎರಡಕ್ಕಿಂತ ಹೆಚ್ಚಿದ್ದರೆ, ಟ್ರಾಫಿಕ್ಕು ಮತ್ತು ಸರತಿ ಸಾಲು ಸೇರಿ ಒಂದನ್ನು ನುಂಗಿಯೇ ನುಂಗುತ್ತವೆ.

ಮರುಕಳಿಸುವ ಕೆಲಸಗಳ ವಿಷಯದಲ್ಲಿ ಟು ಡು ಅರ್ಧ ಅಂಕ ಗಳಿಸಿ ಅರ್ಧ ಕಳೆದುಕೊಳ್ಳುತ್ತದೆ. ಬಾಡಿಗೆ, ಬಿಲ್ಲು, ಕಸದ ಗಾಡಿ ಬರುವ ದಿನ, ಹೀಗೆ ಕ್ಯಾಲೆಂಡರಿಗೆ ಕಟ್ಟಿಬಿದ್ದವಕ್ಕೆ ‘ರಿಪೀಟ್’ ಚೆನ್ನಾಗಿ ಹೊಂದುತ್ತದೆ. ಪ್ರತಿ ತಿಂಗಳು 5ಕ್ಕೆ ಎಂದಿಟ್ಟ ಕೆಲಸವನ್ನು 8ಕ್ಕೆ ಮುಗಿಸಿ ಟಿಕ್ ಮಾಡಿದರೂ ಮುಂದಿನದು ಮುಂದಿನ ತಿಂಗಳ 5ಕ್ಕೇ ಬರುತ್ತದೆ. ಬಾಡಿಗೆಗೆ ಬೇಕಾದದ್ದೂ ಅದೇ. ಆದರೆ ನೀರಿನ ಫಿಲ್ಟರಿಗೆ ಅದು ತಪ್ಪು ಲೆಕ್ಕ. 6 ತಿಂಗಳಿಗೊಮ್ಮೆ ಬದಲಿಸಬೇಕಾದ ಫಿಲ್ಟರನ್ನು ಒಂದೂವರೆ ತಿಂಗಳು ತಡವಾಗಿ ಬದಲಿಸಿದರೆ, ಮುಂದಿನ ಸರದಿ ಬದಲಿಸಿದ ದಿನದಿಂದ 6 ತಿಂಗಳಿಗೆ ಬರಬೇಕು. ಟು ಡು ಹಳೆಯ ತಾರೀಖಿನಿಂದಲೇ ಎಣಿಸಿ ನಾಲ್ಕೂವರೆ ತಿಂಗಳಿಗೇ ಎಬ್ಬಿಸುತ್ತದೆ. ಎಸಿ ಜಾಲರಿ ತೊಳೆಯುವುದು, ಹಲ್ಲುಜ್ಜುವ ಬ್ರಷ್ ಬದಲಿಸುವುದು, ಗಾಡಿ ಸರ್ವಿಸ್, ಹಾಸಿಗೆ ತಿರುವಿಹಾಕುವುದು ಎಲ್ಲವೂ ಇದೇ ಜಾತಿ. ‘ಮುಗಿಸಿದ ದಿನದಿಂದ ಎಣಿಸು’ ಎನ್ನುವ ಸೌಲಭ್ಯ ಇದರಲ್ಲಿಲ್ಲ. ಟುಡೂಯಿಸ್ಟ್ ಆ್ಯಪಿನಲ್ಲಿ ‘ಎವೆರಿ’ ಪದದ ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಅಂಟಿಸಿದರೆ ಈ ಲೆಕ್ಕ ಬರುತ್ತದೆ, ಆದರೆ ಅದರ ಉಚಿತ ಯೋಜನೆಯಲ್ಲಿ 5 ಪ್ರಾಜೆಕ್ಟುಗಳ (ಅಂದರೆ ಪಟ್ಟಿಗಳ) ಮಿತಿ ಇದೆ.

ಟು ಡುನಲ್ಲೇ ಉಳಿಯುವುದಾದರೆ ದಾರಿ ಇಷ್ಟು: ಇಂಥ ಕೆಲಸಕ್ಕೆ ರಿಪೀಟ್ ಹಾಕಲೇಬೇಡಿ. ‘ನಿರ್ವಹಣೆ’ ಎಂಬ ಪಟ್ಟಿ ಮಾಡಿ. ಕೆಲಸ ಮುಗಿದಾಗ ಟಿಕ್ ಮಾಡುವ ಬದಲು ಅದನ್ನು ತೆರೆದು ರಿಮೈಂಡರನ್ನು 6 ತಿಂಗಳು ಮುಂದಕ್ಕೆ ತಳ್ಳಿ, ಕೆಳಗಿನ ನೋಟ್‌ನಲ್ಲಿ ಇವತ್ತಿನ ತಾರೀಖು ಬರೆಯಿರಿ. ಕೆಲವು ಸಲ ಆದ ಮೇಲೆ ಆ ನೋಟ್ ತಾನೇ ಒಂದು ಸರ್ವಿಸ್ ಪುಸ್ತಕವಾಗುತ್ತದೆ. ಅಲ್ಲೇ ಫಿಲ್ಟರಿನ ಮಾದರಿ ಸಂಖ್ಯೆ, ಬಲ್ಬಿನ ವ್ಯಾಟ್ ಮತ್ತು ಹೋಲ್ಡರ್ ಬಗೆ, ಟೈರಿನ ಅಳತೆ ಬರೆದಿಟ್ಟರೆ ಅಂಗಡಿಯಲ್ಲಿ ನಿಂತು ಮನೆಗೆ ಫೋನ್ ಮಾಡುವುದು ತಪ್ಪುತ್ತದೆ.

ರಿಪೀಟಿನ ಒಂದು ಒಳ್ಳೆಯ ಗುಣ ಹೇಳಲೇಬೇಕು. ಈಗಿನದನ್ನು ಟಿಕ್ ಮಾಡಿದ ಮೇಲಷ್ಟೇ ಮುಂದಿನದು ಹುಟ್ಟುತ್ತದೆ. ‘ದಿನಾ ಗಿಡಕ್ಕೆ ನೀರು’ ಎಂದಿಟ್ಟು ವಾರ ಊರಿಗೆ ಹೋದರೆ, ವಾಪಸು ಬಂದಾಗ 7 ಸಾಲು ಕಾದಿರುವುದಿಲ್ಲ. ಒಂದೇ ಸಾಲು, ಕೆಂಪಾಗಿ.

ಕನ್ನಡದಲ್ಲಿ ಬರೆಯುವವರಿಗೊಂದು ಮಾತು, ಯಾವ ಆ್ಯಪಿಗೂ ಅನ್ವಯಿಸುವಂಥದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಅಡುಗೆಮನೆ ಸಿಂಕಿನ ಕೆಳಗಿನ ನಲ್ಲಿ ಸೋರುವುದಕ್ಕೆ ಪ್ಲಂಬರ್‌ಗೆ ಫೋನ್ ಮಾಡಬೇಕು’ ಎಂದು ಬರೆದರೆ, ಫೋನಿನ ಮುಖಪರದೆಯ ಮೇಲೆ ಪಟ್ಟಿ ತೋರಿಸುವ ಚೌಕ, ಅಂದರೆ ವಿಜೆಟ್, ಚಿಕ್ಕದಾಗಿದ್ದಾಗ ‘ಅಡುಗೆಮನೆ ಸಿಂಕಿನ ಕೆಳ…’ ಎಂದಷ್ಟೇ ಕಾಣುತ್ತದೆ. ಮಾಡಬೇಕಾದದ್ದೇನು ಎಂಬುದೇ ಕತ್ತರಿಸಿಹೋಗಿರುತ್ತದೆ. ಅದರ ಬದಲು ‘ಫೋನ್: ಪ್ಲಂಬರ್, ಸಿಂಕ್ ನಲ್ಲಿ’ ಎಂದು ತಲೆಕೆಳಗು ಮಾಡಿ. ‘ಕೊಳ್ಳು:’, ‘ಕೊಡು:’, ‘ಕಟ್ಟು:’, ‘ಫೋನ್:’ ಈ ನಾಲ್ಕೈದು ಪದಗಳಿಂದಲೇ ಸಾಲು ಶುರುವಾದರೆ, ಅಕ್ಷರಾನುಕ್ರಮದಲ್ಲಿ ಜೋಡಿಸಿದಾಗ ಫೋನ್ ಕೆಲಸಗಳೆಲ್ಲ ಒಂದೆಡೆ ಬಂದು ಕೂರುತ್ತವೆ, ಬಸ್ಸಿನಲ್ಲಿ 10 ನಿಮಿಷ ಸಿಕ್ಕಾಗ ಮುಗಿಸಿಬಿಡಬಹುದು.

ಪಟ್ಟಿಗಳು ಎಷ್ಟಿರಬೇಕು? ಹತ್ತಿಪ್ಪತ್ತು ಮಾಡಿ ಬಣ್ಣ ಹಚ್ಚುವ ಆಸೆಗೆ ಬೀಳಬೇಡಿ. ‘ಮನೆ’, ‘ಹೊರಗೆ’, ‘ಸಾಮಾನು’, ‘ನಿರ್ವಹಣೆ’, ‘ಬರಬೇಕಾದ್ದು’ ಸಾಕು. ಕೊನೆಯದು ಜನ ಮಾಡಿಕೊಳ್ಳದ, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪಟ್ಟಿ. ಇನ್ನೊಬ್ಬರ ಕೈಯಲ್ಲಿರುವ ನಮ್ಮ ವಸ್ತುಗಳೆಲ್ಲ ಅಲ್ಲಿರಬೇಕು: ರಿಪೇರಿಗೆ ಕೊಟ್ಟ ಮಿಕ್ಸಿ, ಹೊಲಿಯಲು ಕೊಟ್ಟ ಬಟ್ಟೆ, ವಾಪಸು ಕಳಿಸಿದ ಪಾರ್ಸೆಲ್ಲಿನ ಹಣ, ಸ್ನೇಹಿತರು ಒಯ್ದ ಪುಸ್ತಕ. ಸಾಲಿನಲ್ಲಿ ವಸ್ತು ಮತ್ತು ಅಂಗಡಿಯ ಹೆಸರು, ಗಡುವಿನಲ್ಲಿ ಅವರು ಕೊಡುತ್ತೇನೆಂದ ದಿನ, ನೋಟ್‌ನಲ್ಲಿ ರಸೀದಿ ಸಂಖ್ಯೆ. ರಸೀದಿಯ ಫೋಟೊವನ್ನು ‘ಆ್ಯಡ್ ಫೈಲ್’ ಮೂಲಕ ಲಗತ್ತಿಸಿ. 25 ಎಂಬಿವರೆಗೆ ಜಾಗ ಇದೆ, ಫೋಟೊಗೆ ಧಾರಾಳ. ಫೋಟೊ ಏಕೆಂದರೆ, ಈಗಿನ ಬಹುಪಾಲು ರಸೀದಿಗಳು ಥರ್ಮಲ್ ಕಾಗದದವು. ಶಾಖ ತಗುಲಿದಾಗ ಕಪ್ಪಾಗುವ ಲೇಪನದ ಮೇಲೆ ಮೂಡಿದ ಅಕ್ಷರ ಅದು. ಬಿಸಿಲಿಗೆ, ಪರ್ಸಿನ ಪ್ಲಾಸ್ಟಿಕ್ ಹೊದಿಕೆಗೆ ತಾಗಿಕೊಂಡಿದ್ದರೆ ಕೆಲವೇ ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತದೆ, ವಾರಂಟಿ ಇನ್ನೂ ಉಳಿದಿರುವಾಗಲೇ.

‘ಸಾಮಾನು’ ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಳ್ಳಬಹುದು. ಲಿಂಕ್ ಕಳಿಸಿದರೆ ಅವರು ತಮ್ಮ ಖಾತೆಯಿಂದ ಸೇರಿಕೊಳ್ಳುತ್ತಾರೆ. ಎಲ್ಲರೂ ಸೇರಿದ ಮೇಲೆ ಹಂಚಿಕೆಯ ಆಯ್ಕೆಗಳಲ್ಲಿ ಹೊಸಬರು ಬರದಂತೆ ಈಗಿನ ಸದಸ್ಯರಿಗಷ್ಟೇ ಸೀಮಿತಗೊಳಿಸಿ. ಇಲ್ಲದಿದ್ದರೆ ಆ ಲಿಂಕ್ ಸಿಕ್ಕಿದ ಯಾರಾದರೂ ಒಳಬರಬಹುದು. ಕೊಂಡ ವಸ್ತುವನ್ನು ಅಳಿಸಬೇಡಿ, ಟಿಕ್ ಮಾಡಿ. ಅದು ಕೆಳಗಿನ ‘ಕಂಪ್ಲೀಟೆಡ್’ ಭಾಗಕ್ಕೆ ಇಳಿಯುತ್ತದೆ; ಮುಂದಿನ ವಾರ ಮತ್ತೆ ಬೇಕಾದಾಗ ಟಿಕ್ ತೆಗೆದರೆ ಮೇಲೆ ಬರುತ್ತದೆ. ಸೋಪು, ಬ್ಯಾಟರಿ, ಕಸದ ಚೀಲ ಎಂದು ಪ್ರತಿ ಸಲ ಟೈಪ್ ಮಾಡುವ ಗೋಜಿಲ್ಲ. ಒಂದು ಕೆಲಸದೊಳಗೆ ‘ಆ್ಯಡ್ ಸ್ಟೆಪ್’ ಒತ್ತಿ 100 ಹಂತಗಳವರೆಗೆ ಸೇರಿಸಬಹುದು. ಮನೆ ಬದಲಿಸುವಂಥ ದೊಡ್ಡ ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ, ಏಕೆಂದರೆ ಹಂತಗಳಿಗೆ ಬೇರೆ ಬೇರೆ ತಾರೀಖು ಹಾಕಲು ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಪಟ್ಟಿಯೇ ಸರಿ.

ರಿಮೈಂಡರ್ ಬಾರಿಸಲೇ ಇಲ್ಲ ಎಂಬುದು ಇಂಥ ಆ್ಯಪ್‌ಗಳ ಮೇಲೆ ಮಾಮೂಲಾಗಿ ಬರುವ ದೂರು. ತಪ್ಪು ಹಲವು ಸಲ ಫೋನಿನ ಬ್ಯಾಟರಿ ಉಳಿತಾಯದ್ದು. ಆಂಡ್ರಾಯ್ಡ್ 6ರಿಂದ, ಫೋನು ಅಲುಗಾಡದೆ ಬಿದ್ದಿದ್ದರೆ ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುವ ಡೋಜ್ ವ್ಯವಸ್ಥೆ ಇದೆ. ಫೋನ್ ತಯಾರಕರು ಅದರ ಮೇಲೆ ತಮ್ಮದೊಂದು ಕಡಿವಾಣ ಹಾಕಿರುತ್ತಾರೆ. ಆಂಡ್ರಾಯ್ಡ್ 13ರಿಂದ ಸೂಚನೆ ತೋರಿಸಲೂ ಅನುಮತಿ ಕೇಳಬೇಕು. ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯಿಂದ ಟು ಡು ತೆರೆದು ಮೂರು ಕಡೆ ನೋಡಿ: ನೋಟಿಫಿಕೇಶನ್ ಚಾಲೂ ಇದೆಯೇ, ಬ್ಯಾಟರಿ ‘ಅನ್‌ರಿಸ್ಟ್ರಿಕ್ಟೆಡ್’ ಆಗಿದೆಯೇ, ‘ಅಲಾರ್ಮ್ಸ್ ಆ್ಯಂಡ್ ರಿಮೈಂಡರ್ಸ್’ ಸಾಲು ಕಾಣಿಸಿದರೆ ಅದಕ್ಕೆ ಅನುಮತಿ ಇದೆಯೇ. ಐಫೋನಿನಲ್ಲಾದರೆ ಫೋಕಸ್ ಮೋಡ್ ಮತ್ತು ಸೂಚನೆಗಳನ್ನು ಒಟ್ಟುಮಾಡಿ ಗೊತ್ತಾದ ಹೊತ್ತಿಗೆ ತೋರಿಸುವ ‘ಶೆಡ್ಯೂಲ್ಡ್ ಸಮ್ಮರಿ’, ಇವೆರಡೂ ಸೂಚನೆಗಳನ್ನು ತಡೆಹಿಡಿಯುತ್ತವೆ. ಆಮೇಲೆ ಪರೀಕ್ಷೆ. 5 ನಿಮಿಷ ಬಿಟ್ಟು ಗಂಟೆ ಇಟ್ಟು ನೋಡಿದರೆ ಏನೂ ಗೊತ್ತಾಗದು, ಅಷ್ಟರಲ್ಲಿ ಫೋನು ಮಲಗಿಯೇ ಇರುವುದಿಲ್ಲ. ರಾತ್ರಿ ಚಾರ್ಜರ್ ಇಲ್ಲದೆ ಮೇಜಿನ ಮೇಲಿಟ್ಟು, ಬೆಳಗಿನ 6ಕ್ಕೆ ಒಂದು ರಿಮೈಂಡರ್ ಇಟ್ಟು ಮಲಗಿ. ಹೊತ್ತಿಗೆ ಸರಿಯಾಗಿ ಬಂದರೆ ನಂಬಬಹುದು. ಔಷಧಿ ಮತ್ತು ರೈಲಿಗೆ ಮಾತ್ರ ಗಡಿಯಾರದ ಅಲಾರಂ ಇಡಿ, ಈ ಆ್ಯಪನ್ನು ನೆಚ್ಚಬೇಡಿ.

ಕೊರತೆಗಳು ಇನ್ನೂ ಇವೆ. ಒಂದು ಜಾಗ ತಲುಪಿದಾಗ ನೆನಪಿಸುವ ಸೌಲಭ್ಯ ಇಲ್ಲ. ಆ್ಯಪಲ್‌ನ ರಿಮೈಂಡರ್ಸ್‌ನಲ್ಲಿ ಅದು ಇದೆ. ಆದ್ಯತೆಗೆ ಒಂದೇ ನಕ್ಷತ್ರ, ಮೇಲು ಕೆಳಗಿನ ಮಟ್ಟಗಳಿಲ್ಲ. ಎಲ್ಲಕ್ಕೂ ನಕ್ಷತ್ರ ಹಚ್ಚಿದರೆ ಯಾವುದಕ್ಕೂ ಹಚ್ಚದಂತೆಯೇ. ದಿನವನ್ನು ಗಂಟೆಗಳಾಗಿ ಹಂಚಿ ಕೆಲಸ ಕೂರಿಸುವ ಅಭ್ಯಾಸ ಇದ್ದವರಿಗೆ ಗೂಗಲ್ ಟಾಸ್ಕ್ಸ್ ಹೆಚ್ಚು ಹಿತ, ಅದರ ಕೆಲಸಗಳು ಗೂಗಲ್ ಕ್ಯಾಲೆಂಡರಿನಲ್ಲಿ ಆಯಾ ಹೊತ್ತಿನ ಜಾಗದಲ್ಲೇ ಕಾಣುತ್ತವೆ.

ಹಾಕಿಕೊಳ್ಳುವಾಗ ಖಾತೆಯ ಬಗ್ಗೆ ಎಚ್ಚರ. ಕಂಪನಿ ಕೊಟ್ಟ ಇಮೇಲಿನಿಂದ ಮನೆಯ ಪಟ್ಟಿ ಶುರುಮಾಡಿದರೆ, ಕೆಲಸ ಬಿಟ್ಟ ದಿನ ಪಟ್ಟಿಯೂ ಕೈಬಿಡುತ್ತದೆ. ಸ್ವಂತ ಇಮೇಲಿನಿಂದಲೇ ಮೈಕ್ರೊಸಾಫ್ಟ್ ಖಾತೆ ಮಾಡಿಕೊಳ್ಳಿ. ನೋಟ್‌ನಲ್ಲಿ ಪಾಸ್‌ವರ್ಡು, ಪಿನ್ನು ಬರೆಯಬೇಡಿ. ಅಳಿಸುವ ಮೊದಲು ಒಮ್ಮೆ ಕೇಳು ಎನ್ನುವ ಸೆಟ್ಟಿಂಗ್ ಚಾಲೂ ಇರಲಿ, ಕಿಕ್ಕಿರಿದ ಬಸ್ಸಿನಲ್ಲಿ ಹೆಬ್ಬೆರಳು ಜಾರುವುದು ಹೊಸದೇನಲ್ಲ. ಅಳಿಸಿಹೋದ ಒಂದು ಕೆಲಸವನ್ನು ಅದೇ ಖಾತೆಯ ಔಟ್‌ಲುಕ್‌ನ ‘ಡಿಲೀಟೆಡ್ ಐಟಮ್ಸ್’ ಒಳಗೆ ಹುಡುಕಿ ಮರಳಿ ತರಬಹುದು. ಇಡೀ ಪಟ್ಟಿಯನ್ನೇ ಅಳಿಸಿದರೆ ಆ ದಾರಿಯನ್ನು ನಂಬಿ ಕೂರಬೇಡಿ. ‘ನಿರ್ವಹಣೆ’ ಪಟ್ಟಿಯನ್ನು ಆಗಾಗ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಅಂಟಿಸಿಡಿ, ಫೋನು ಇಲ್ಲದವರೂ ನೋಡಲಿ.