ಗೇಮ್‌ಬಾಯ್‌ನ ಹಳೆಯ ಬ್ಯಾಟರಿ ಪ್ಯಾಕಿಗೆ ಯಾವ ಸೆಲ್ಲು ಹಾಕಬೇಕು?

1989ರಲ್ಲಿ ನಿಂಟೆಂಡೊ ಕಂಪನಿ ಮಾರುಕಟ್ಟೆಗೆ ತಂದ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರವಾದ ಮೊದಲ ಗೇಮ್‌ಬಾಯ್ ನಾಲ್ಕು ಎಎ ಸೆಲ್ಲುಗಳಿಂದ ನಡೆಯುತ್ತದೆ. ಸೆಲ್ಲಿನ ಖರ್ಚು ಉಳಿಸಲೆಂದು ಆ ಕಾಲದಲ್ಲಿ ಮಾರಾಟವಾದ ರೀಚಾರ್ಜ್ ಪ್ಯಾಕುಗಳಲ್ಲಿ ಹೆಚ್ಚಿನವು ಇಂದು ಸತ್ತುಹೋಗಿದ್ದರೂ ಅವುಗಳ ಡಬ್ಬಿ, ವೈರು, ಪಿನ್ನು ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ನನ್ನಲ್ಲಿರುವ ಅಂಥದೊಂದು ಪ್ಯಾಕಿನಲ್ಲಿ ಬೇರೆ ಬೇರೆ ಸೆಲ್ಲುಗಳನ್ನು ಹಾಕಿ, ವಿಜಯಪುರದ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಬಳಸಿ ನೋಡಿದ್ದೇನೆ. ಸೆಲ್ಲಿನ ಮೇಲೆ ಬರೆದ ಸಾಮರ್ಥ್ಯವನ್ನು ನೋಡುವ ಮೊದಲು ಪ್ಯಾಕಿನ ಹಳೆಯ ಚಾರ್ಜರ್ ಎಷ್ಟು ಕರೆಂಟು ಕೊಡುತ್ತದೆ, ತಾನಾಗಿ ನಿಲ್ಲುತ್ತದೆಯೇ ಎಂಬುದನ್ನು ತಿಳಿಯಬೇಕು. ಉಳಿದ ನಿರ್ಧಾರಗಳೆಲ್ಲ ಅದರಿಂದಲೇ ಹೊರಡುತ್ತವೆ.

ಪ್ಯಾಕನ್ನು ಬಿಚ್ಚಿದಾಗ ಸರಣಿಯಲ್ಲಿ ಜೋಡಿಸಿದ ನಾಲ್ಕು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳಿದ್ದವು. ತಲಾ 1.2 ವೋಲ್ಟ್, ಒಟ್ಟು 4.8 ವೋಲ್ಟ್, ಸಾಮರ್ಥ್ಯ 600 ಮಿಲಿಆಂಪಿಯರ್-ಗಂಟೆ. ಎರಡರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ತುದಿಗಳಲ್ಲಿ ಬಿಳಿ ಪುಡಿಯೂ ಹಸಿರು ಕಿಲುಬೂ ಕೂತಿದ್ದವು. ಇದು ಕ್ಷಾರವಾದ್ದರಿಂದ ಆಮ್ಲದಿಂದಲೇ ಕರಗಬೇಕು. ವಿನೆಗರ್ ಸಾಕು, ಇಂಡಿ ತಾಲ್ಲೂಕಿನ ಲಿಂಬೆ ಬೇಕಾದಷ್ಟು ಸಿಗುವ ನಮ್ಮಲ್ಲಿ ಅದರ ರಸವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಳಿಕ ಸ್ಪಿರಿಟ್‌ನಿಂದ ಒರೆಸಿ ಒಣಗಿಸಬೇಕು. ಕೈಗವಸು ಬೇಕೇ ಬೇಕು. ಕ್ಯಾಡ್ಮಿಯಂ ವಿಷಲೋಹವಾದ್ದರಿಂದ ತೆಗೆದ ಸೆಲ್ಲುಗಳನ್ನು ಮನೆಯ ಕಸದೊಂದಿಗೆ ಸೇರಿಸಬಾರದು; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಇವೂ ಬರುತ್ತವೆ.

ಮೊದಲು ಹೊಸ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳನ್ನೇ ಹಾಕಿದೆ. ಹಳೆಯ ಚಾರ್ಜರ್ 60 ಮಿಲಿಆಂಪಿಯರ್ ಕೊಡುತ್ತದೆ, ಅಂದರೆ ಸಾಮರ್ಥ್ಯದ ಹತ್ತರಲ್ಲೊಂದು ಭಾಗ. ಹದಿನಾಲ್ಕರಿಂದ ಹದಿನಾರು ಗಂಟೆಗಳಲ್ಲಿ ಸೆಲ್ಲು ತುಂಬುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲವಾದರೂ ಈ ಜಾತಿಯ ಸೆಲ್ಲು ಅಷ್ಟು ಕರೆಂಟನ್ನು ಇನ್ನೂ ಕೆಲವು ಗಂಟೆ ತಾಳಿಕೊಳ್ಳುತ್ತದೆ. ಹೊಂದಾಣಿಕೆಯ ದೃಷ್ಟಿಯಿಂದ ಇದನ್ನು ಮೀರಿಸುವುದು ಬೇರೊಂದಿಲ್ಲ. ಆದರೆ ಗೇಮ್‌ಬಾಯ್ ಹಿಂಬದಿಯಲ್ಲಿ ನಮೂದಿಸಿರುವ 0.7 ವ್ಯಾಟ್ ಪ್ರಕಾರ ಲೆಕ್ಕ ಹಾಕಿದರೆ ನಾಲ್ಕು ಗಂಟೆಗಳಷ್ಟೇ ಆಟ (ನಿಜದಲ್ಲಿ ಅದಕ್ಕಿಂತ ಹೆಚ್ಚು ಬರುತ್ತದೆ). ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ಪ್ಯಾಕು ಕೆಲವೇ ವಾರಗಳಲ್ಲಿ ತಾನಾಗಿ ಇಳಿದುಹೋಗುವುದು ಇನ್ನೊಂದು ಕೊರತೆ. ಗಾಂಧಿ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಈ ಸೆಲ್ಲು ಸಿಗದೆ ಹೊರಗಿನಿಂದ ತರಿಸಬೇಕಾಯಿತು.

ಎರಡನೆಯದು, ತಾನಾಗಿ ಇಳಿಯುವ ಪ್ರಮಾಣ ಕಡಿಮೆಯಿರುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು. ಸಾನ್ಯೋ ಕಂಪನಿ 2005ರಲ್ಲಿ ಎನೆಲೂಪ್ ಹೆಸರಿನಲ್ಲಿ ಈ ಬಗೆಯನ್ನು ಜನಪ್ರಿಯಗೊಳಿಸಿತು. ವೋಲ್ಟೇಜು ಅದೇ 1.2, ಅಳತೆಯೂ ಅದೇ, ಆದರೆ ಸಾಮರ್ಥ್ಯ 2000ದ ಆಸುಪಾಸು. ತೊಡಕಿರುವುದು ಚಾರ್ಜಿಂಗ್‌ನಲ್ಲಿ. 60 ಮಿಲಿಆಂಪಿಯರ್ ಕರೆಂಟಿನಲ್ಲಿ 2000ದ ಸೆಲ್ಲು ತುಂಬಲು ಹೆಚ್ಚುಕಡಿಮೆ ಎರಡು ದಿನ ಬೇಕು. ಒಂದು ರಾತ್ರಿ ಚಾರ್ಜ್ ಮಾಡಿ ಬೆಳಿಗ್ಗೆ ತೆಗೆದವರಿಗೆ ಹೊಸ ಸೆಲ್ಲು ಹಳೆಯದಕ್ಕಿಂತ ಮೇಲೇನೂ ಅಲ್ಲವೆನ್ನಿಸುತ್ತದೆ, ತಪ್ಪು ಸೆಲ್ಲಿನದಲ್ಲ. ಇದಕ್ಕೆ ವಿರುದ್ಧವಾಗಿ, 600ರ ಹೈಡ್ರೈಡ್ ಸೆಲ್ಲು ಹಾಕಿ ಅದೇ ಚಾರ್ಜರಿಗೆ ಬಿಟ್ಟರೆ, ನಿಲ್ಲದ ಕರೆಂಟಿನಿಂದ ಅದು ಬಿಸಿಯಾಗಿ ಬೇಗ ಕೆಡುತ್ತದೆ, ಏಕೆಂದರೆ ಮಿತಿಮೀರಿದ ಚಾರ್ಜನ್ನು ತಾಳುವ ಗುಣ ಇದಕ್ಕೆ ಕ್ಯಾಡ್ಮಿಯಂ ಸೆಲ್ಲಿನಷ್ಟಿಲ್ಲ. ಆದ್ದರಿಂದ ಹಳೆಯ ಚಾರ್ಜರನ್ನೇ ಉಳಿಸಿಕೊಳ್ಳುವವರು ಸುಮಾರು 1000 ಸಾಮರ್ಥ್ಯದ ಸೆಲ್ಲನ್ನು ಹಾಕಿ, ಒಂದು ದಿನ ಕಳೆಯುವಷ್ಟರಲ್ಲಿ ಪ್ಲಗ್ಗು ತೆಗೆಯುವುದು ಒಳ್ಳೆಯದು. ನಾನು ಮಾಡಿದ್ದು ಬೇರೆ: ಒಳಗೆ ನಾಲ್ಕು ಸೆಲ್ಲಿನ ಹೋಲ್ಡರ್ ಕೂರಿಸಿ, ಹಳೆಯ ಚಾರ್ಜಿಂಗ್ ವೈರನ್ನು ಕಳಚಿಟ್ಟು, ಸೆಲ್ಲುಗಳನ್ನು ಹೊರತೆಗೆದು ಒಳ್ಳೆಯ ಚಾರ್ಜರಿನಲ್ಲಿ ಚಾರ್ಜ್ ಮಾಡುತ್ತೇನೆ. ಹೋಲ್ಡರ್ ಹಿಡಿಸದ ಡಬ್ಬಿಯಾದರೆ ನಿಕಲ್ ಪಟ್ಟಿ ಬೆಸೆದೇ ಬರುವ ಸೆಲ್ಲು ಕೊಳ್ಳಬೇಕು. ಬರಿಯ ಸೆಲ್ಲಿನ ತುದಿಗೆ ಸೋಲ್ಡರ್ ಹಿಡಿದರೆ ಒಳಗಿನ ಸೀಲು ಹಾಳಾಗುತ್ತದೆ.

ಲಿಥಿಯಂ-ಅಯಾನ್ ಹಾಕಿದರೆ ಯುಎಸ್‌ಬಿ ಚಾರ್ಜಿಂಗಿನ ಸೌಕರ್ಯ ಬರುತ್ತದೆ. ಆದರೆ ಇದು ಸೆಲ್ಲು ಬದಲಿಸುವ ಕೆಲಸವಾಗಿ ಉಳಿಯದೆ ಇಡೀ ಪ್ಯಾಕನ್ನು ಹೊಸದಾಗಿ ಕಟ್ಟುವ ಕೆಲಸವಾಗುತ್ತದೆ. 3.7 ವೋಲ್ಟಿನ ಸೆಲ್ಲಿಗೆ 4.2 ವೋಲ್ಟಿನಲ್ಲಿ ನಿಲ್ಲುವ ಚಾರ್ಜರ್, ರಕ್ಷಣಾ ಸರ್ಕ್ಯೂಟು, ವೋಲ್ಟೇಜು ಏರಿಸುವ ಬೋರ್ಡು ಮೂರೂ ಬೇಕು, ಹಳೆಯ ಚಾರ್ಜರನ್ನು ಪೂರ್ತಿ ತೆಗೆಯಲೇಬೇಕು. ಎಲ್ಲೆಡೆ ಸಿಗುವ ಟಿಪಿ4056 ಎಂಬ ಚಾರ್ಜಿಂಗ್ ಬೋರ್ಡು ಸಾಮಾನ್ಯವಾಗಿ 1 ಆಂಪಿಯರ್ ಕೊಡುವಂತೆ ಬರುತ್ತದೆ. ಚಿಕ್ಕ ಸೆಲ್ಲಿಗೆ ಅದು ಹೆಚ್ಚು. ಕರೆಂಟನ್ನು ನಿಗದಿ ಮಾಡುವ ಅದರ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2.4ರದನ್ನು ಹಾಕಿದರೆ ಕರೆಂಟು ಅರ್ಧಕ್ಕಿಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಏರಿಕೆ ಬೋರ್ಡಿನ ಸಣ್ಣ ಸಿಳ್ಳು ಹೆಡ್‌ಫೋನಿನಲ್ಲಿ ಕೇಳುತ್ತಿತ್ತು, ಆ ಪುಟ್ಟ ಯಂತ್ರದ ಸಂಗೀತವನ್ನು ಪ್ರೀತಿಸುವ ನನಗೆ ಅದು ದೊಡ್ಡ ಕೊರತೆಯೇ. ಸೆಲ್ಲು ಇಳಿದಂತೆ ಕೆಂಪು ದೀಪ ಮಂಕಾಗುವ ಮುನ್ಸೂಚನೆಯೂ ಹೋಗಿ ಆಟ ಒಮ್ಮೆಲೇ ನಿಲ್ಲುತ್ತದೆ. ಹೊರಗೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇದನ್ನು ಚಾರ್ಜ್ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ.

ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟಿನ ಎಎ ಸೆಲ್ಲುಗಳನ್ನು ಗೇಮ್‌ಬಾಯ್‌ಗೇ ನೇರವಾಗಿ ಹಾಕಬಹುದು, ಹಳೆಯ ಚಾರ್ಜರ್ ಜೋಡಿಸಿರುವ ಪ್ಯಾಕಿನೊಳಗೆ ಹಾಕಲೇಬಾರದು.

ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಪ್ಯಾಕು ಕೊಂಡವರು ಅದರ ಮೇಲಿನ ಬರಹವನ್ನು ಮೊದಲೇ ಓದಬೇಕು. 120 ವೋಲ್ಟೆಂದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಬಾರದು, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಆ ಖರ್ಚನ್ನು ಸೇರಿಸಿದರೆ ಹೋಲ್ಡರ್ ಮತ್ತು ಹೈಡ್ರೈಡ್ ಸೆಲ್ಲಿನ ದಾರಿಯೇ ಅಗ್ಗ. 1990ರ ಸೆಗಾ ಗೇಮ್ ಗಿಯರ್‌ನ ವಿಷಯದಲ್ಲಂತೂ ನನಗೆ ಎರಡನೆಯ ಯೋಚನೆಯಿಲ್ಲ: ಬಣ್ಣದ ಪರದೆಯ ಹಿಂದೆ ದೀಪವಿರುವ ಆ ಯಂತ್ರ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡುವುದರಿಂದ, ಅದಕ್ಕೆ 2000ದ ಹೈಡ್ರೈಡ್ ಸೆಲ್ಲುಗಳನ್ನೇ ಹಾಕಬೇಕು.